ಮೆಣಸಿನ ಕೋಣೆ

ಕೊಡಗಿನಲ್ಲಿ ಯಾರಾದರೂ ಮನೆಗೆ ಪೇಂಟ್ ಹೊಡೆಸುತ್ತಿದ್ದರೆ ಮೊದಲೆಲ್ಲ "ಮದುವೆ ಯಾರದ್ದು?" ಎಂದು ಕೇಳುತ್ತಿದ್ದರು. ಈಗ ಕೇಳುವುದು "ಎಷ್ಟು ರೂಮು?" ಎಂದು. ನಮ್ಮ ಚಿಕ್ಕಪ್ಪ "ಒಂದೇ" ಅಂದಾಗ ಕೇಳಿದವರ ಮುಖ ಸಪ್ಪಗಾಗುತ್ತಿತ್ತು. ಒಂದು ರೂಮಿಗೆ ಹೋಂಸ್ಟೇ ಅನ್ನುವುದು ದೊಡ್ಡ ಮಾತಾಯಿತು, ನಿಜ. ಆದರೆ ಆ ಒಂದು ರೂಮಿಗಾಗಿ ಮನೆಯಲ್ಲಿ ನಡೆದ ಚರ್ಚೆಯಲ್ಲಿ ಮೂರು ಮದುವೆ ಮಾಡಿ ಮುಗಿಸಬಹುದಿತ್ತು.

ಕೋಣೆ ಅಂದರೆ ಹಿಂಬದಿಯಲ್ಲಿ ಕರಿಮೆಣಸಿನ ಮೂಟೆ ಪೇರಿಸುತ್ತಿದ್ದ 10 ಅಡಿ, 12 ಅಡಿಯ ಜಾಗ. ಹಳೆಯ ಮನೆಗಳಲ್ಲಿ ಅತಿಥಿಗೆಂದೇ ಬೇರೆ ಕೋಣೆ ಎಲ್ಲಿರುತ್ತಿತ್ತು ಹೇಳಿ? ಕೊಡವರ ಐನ್‌ಮನೆಗಳಲ್ಲಿ, ಅಂದರೆ ಕುಟುಂಬದ ಮೂಲ ಮನೆಗಳಲ್ಲಿ, ಜಗಲಿಯ ಕಂಬಗಳ ನಡುವೆ ಐಮರ ಎಂಬ ದಪ್ಪ ಹಲಗೆ ಇರುತ್ತದಲ್ಲ, ಮನೆಯ ಹಿರಿಯರು ಅದರ ಮೇಲೆ ಕೂತು ಬಂದವರನ್ನು ವಿಚಾರಿಸಿಕೊಂಡರೆ ಅರ್ಧ ಆತಿಥ್ಯ ಮುಗಿದ ಹಾಗೆ. ಕತ್ತಲಾದರೆ ಜಾಗ ಇದ್ದಲ್ಲಿ ಚಾಪೆ. ನೆಂಟರು ಅಟ್ಯಾಚ್ಡ್ ಬಾತ್‌ರೂಮ್ ಕೇಳಿದ್ದು ಯಾರಿಗೂ ನೆನಪಿಲ್ಲ. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲ ಕಚ್ಚಿದ ಮೇಲೆ ಎಷ್ಟೋ ತೋಟದವರು ಹೋಂಸ್ಟೇ ಕಡೆ ತಿರುಗಿದರು. ಚಿಕ್ಕಪ್ಪ ಆಗ ತಿರುಗಲಿಲ್ಲ. ರೋಬಸ್ಟಾ ಬೆಲೆ ಆಕಾಶಕ್ಕೇರಿ, ಇನ್ನು ಹೋಂಸ್ಟೇ ಯಾಕೆ ಎಂದು ಊರೆಲ್ಲ ಹೇಳತೊಡಗಿದಾಗ ತಿರುಗಿದರು. ಅವರ ಲೆಕ್ಕಾಚಾರ ಯಾವತ್ತೂ ಹಾಗೆಯೇ.

ಕೆಲಸ ಶುರುವಾದದ್ದು ಮಾಡಿನಿಂದ. ಸೋರುವ ಹೆಂಚು ಇಳಿಸಿದಾಗ ಒಂದರ ಬೆನ್ನ ಮೇಲೆ ಬಾಸೆಲ್ ಮಿಶನ್ ಹೆಸರೂ 1865 ಎಂಬ ಇಸವಿಯೂ ಕಂಡವು. ಚಿಕ್ಕಪ್ಪನಿಗೆ ನಿಧಿ ಸಿಕ್ಕಷ್ಟು ಸಂತೋಷ. "ನಮ್ಮ ಮನೆ 1865ರದ್ದು ಮಾರಾಯ, ಹೆರಿಟೇಜ್!" ಅದು ಮಂಗಳೂರಿನಲ್ಲಿ ಮಿಶನ್‌ನವರು ಹೆಂಚಿನ ಕಾರ್ಖಾನೆ ತೆರೆದ ವರ್ಷ, ಹೆಂಚು ಸುಟ್ಟ ವರ್ಷ ಅಲ್ಲ ಎಂದು ನಾನು ಹೇಳಿ ನೋಡಿದೆ. ಯಾರಿಗೆ ಬೇಕು ಈ ಅಧಿಕಪ್ರಸಂಗ? ಆ ಹೆಂಚನ್ನು ತೊಳೆದು ಕೋಣೆಯ ಬಾಗಿಲ ಪಕ್ಕ ನೇತುಹಾಕಿದರು. ಅದು ಬಿಟ್ಟ ಜಾಗಕ್ಕೆ ಗಾಜಿನ ಹೆಂಚು ಬಂತು. ಈಗ ಹಗಲು ಹತ್ತು ಗಂಟೆಗೆ ಒಂದು ಚೌಕ ಬಿಸಿಲು ಸರಿಯಾಗಿ ತಲೆದಿಂಬಿನ ಮೇಲೆ ಬೀಳುತ್ತದೆ. ಮಲಗಿದವರು ಏಳಲೇಬೇಕು.

ಆಮೇಲೆ ಗೋಡೆ. ಮಡಿಕೇರಿ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ. ನಮ್ಮ ತೋಟದವರು ಈಗಲೂ ಅದನ್ನು ಇಂಚು ಮತ್ತು ಇಂಚಿನ ನೂರರಲ್ಲೊಂದು ಪಾಲಾದ ಸೆಂಟಿನಲ್ಲೇ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ, ಬೆಳಿಗ್ಗೆ ಫೋನಿನಲ್ಲಿ ಮೊದಲ ಮಾತೇ "ನಿಮ್ಮಲ್ಲಿ ಎಷ್ಟು ಸೆಂಟು?" ಪೇಟೆಯಿಂದ ಬಂದ ಪೇಂಟರ್ ಮಣ್ಣಿನ ಗೋಡೆಗೆ ಪುಟ್ಟಿ ಬಳಿದು ಎಮಲ್ಷನ್ ಹೊಡೆಯುತ್ತೇನೆ ಅಂದ. ಊರಿನ ಮುದಿ ಗಾರೆ ಕೆಲಸದವನು ಬೀಡಿ ಆರಿಸದೆಯೇ ನಕ್ಕ. ಮಣ್ಣಿನ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ, ಮೇಲೆ ಪ್ಲಾಸ್ಟಿಕ್ ಬಳಿದರೆ ಆ ತೇವ ಹೋಗುವುದೆಲ್ಲಿಗೆ? ಬಣ್ಣ ಹಪ್ಪಳದ ಹಾಗೆ ಉಬ್ಬಿ ಉದುರುತ್ತದೆ. ಕೊನೆಗೆ ಸುಣ್ಣವೇ ಗೆದ್ದಿತು. ಪೇಂಟರ್ ಮಾತ್ರ ಬೈಗುಳದ ಬದಲು ಎರಡು ಲೋಟ ಕಾಫಿ ಕುಡಿದು ಹೋದ.

ಬೀರುವಿನ ಒಳಗೊಂದು ಬಲ್ಬು ಬೇಕು ಎಂದು ಚಿಕ್ಕಮ್ಮ ಹಟ ಹಿಡಿದರು. ಬಯಲುಸೀಮೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ಜುಲೈ ತಿಂಗಳಲ್ಲಿ ಇಲ್ಲಿ ಒಂದು ವಾರ ಮುಚ್ಚಿಟ್ಟ ಚರ್ಮದ ಬೆಲ್ಟಿಗೆ ಹಸಿರು ಬೂಷ್ಟು ಬರುತ್ತದೆ. ಹಳೆಯ ನಲವತ್ತು ವ್ಯಾಟಿನ ಬಲ್ಬು ಬೀರುವಿನ ತಳದಲ್ಲಿ ಉರಿಯುತ್ತಿದ್ದರೆ ಬಟ್ಟೆ ಬೆಚ್ಚಗಿರುತ್ತದೆ. ಈಗಿನ ಎಲ್‌ಇಡಿಗೆ ಬೆಳಕು ಜಾಸ್ತಿ, ಬಿಸಿ ಇಲ್ಲ. ಹಾಗಾಗಿ ಹಳೆ ಬಲ್ಬು ಹುಡುಕಿಕೊಂಡು ಚಿಕ್ಕಪ್ಪ ಸುಂಟಿಕೊಪ್ಪ, ಕುಶಾಲನಗರ ಎಲ್ಲ ಸುತ್ತಿದರು. ಚಾವಣಿಯ ಮೇಲೆ ಸೋಲಾರ್ ಹಾಕಿಸುವ ಮಾತೂ ಬಂದಿತ್ತು. ಬಿಸಿನೀರು ಯಾರಿಗೂ ಬೇಡದ ಏಪ್ರಿಲ್‌ನಲ್ಲಿ ಅದು ಧಾರಾಳವಾಗಿ ಕೊಡುತ್ತದಂತೆ. ಬಚ್ಚಲಿನ ಹಂಡೆಗೆ ಕಾಫಿ ಕಟ್ಟಿಗೆ ಇಡುವುದೇ ಕಾಯಂ ಆಯಿತು.

ಸುಂಟಿಕೊಪ್ಪ ಅಂದ ಮೇಲೆ ನೆನಪಾಯಿತು ನೋಡಿ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಅಲ್ಲೇ ಹತ್ತಿರದ ಗುಂಡುಗುತ್ತಿ ತೋಟದಲ್ಲಿ ಮಂಜುನಾಥಯ್ಯನವರ ಅತಿಥಿ. ಅದೇ ತೋಟದಲ್ಲಿದ್ದ ಕತೆಗಾರ್ತಿ ಗೌರಮ್ಮ, ನಮ್ಮ ಮನೆಗೂ ಬರಲೇಬೇಕು ಎಂದು ಉಪವಾಸ ಕೂತರು. ಉಪವಾಸದ ಗುರುವಿನ ಮುಂದೆಯೇ ಉಪವಾಸ! ಅವರು ಬಂದರು, ಇವರು ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. ಗಾಂಧೀಜಿಯಂಥ ಅತಿಥಿಗೆ ಬೀರು ಬೇಡ, ಬಲ್ಬೂ ಬೇಡ. ಆದರೆ ಅವರನ್ನು ನಿಭಾಯಿಸುವುದು ಬೆಂಗಳೂರಿನವರನ್ನು ನಿಭಾಯಿಸುವುದಕ್ಕಿಂತ ಸುಲಭವಿತ್ತು ಅಂತ ನನಗೇನೂ ಅನ್ನಿಸುವುದಿಲ್ಲ.

ಮಂಚ ಅಜ್ಜನ ಕಾಲದ್ದು, ಬೀಟೆಯದ್ದು. ಹೊಸ ಬೀಟೆ ಮುಟ್ಟಬೇಕಾದರೆ ಅರಣ್ಯ ಇಲಾಖೆಯ ಬಾಗಿಲು ಸವೆಸಬೇಕು, ಹಾಗಾಗಿ ಇದ್ದದ್ದಕ್ಕೇ ಆಚಾರಿ ಪಾಲಿಶ್ ಹಾಕಿದ. ಕೈಯಿಟ್ಟರೆ ತಣ್ಣಗೆ, ನೇರಳೆ ಗೆರೆಗಳು ಒಂದರೊಳಗೊಂದು. ಕಿತ್ತು ಹಾಕಿದ ಹಳೆಯ ಕಾಫಿ ಗಿಡದ ಬುಡ ತೊಳೆದು, ಮೇಲೆ ಗಾಜಿಟ್ಟು ಟೀಪಾಯಿಯೂ ಆಯಿತು. ಮೊದಲು ಬಂದ ದಂಪತಿ ಇದನ್ನೆಲ್ಲ ನೋಡಿ ಕೇಳಿದ್ದು ಒಂದೇ: "ಮಂಚದ ಹತ್ತಿರ ಪ್ಲಗ್ ಪಾಯಿಂಟ್ ಇಲ್ವಾ ಅಂಕಲ್?" ಎರಡನೆಯವರು ಫೋನಿನಲ್ಲೇ "ಮಂಜು ಗ್ಯಾರಂಟಿನಾ?" ಅಂದರು. ಗ್ಯಾರಂಟಿ ಕೊಡಲು ಅದೇನು ಮಿಕ್ಸಿಯಾ?

ಇತ್ತೀಚೆಗೆ ಹೊಸ ತೊಂದರೆ. ಹಾಸಿಗೆ ಸರಿಯಾಗಿದೆಯೋ ನೋಡಬೇಕು ಎಂದು ಚಿಕ್ಕಪ್ಪ ಒಂದು ಮಧ್ಯಾಹ್ನ ಅಲ್ಲಿ ಮಲಗಿದರು. ಮರುದಿನ ಗಾಳಿ ಹೇಗೆ ಬರುತ್ತದೆ ನೋಡಲು ಮಲಗಿದರು. ಮೊನ್ನೆ ನಾನು ಹೋದಾಗ ಅವರ ಕನ್ನಡಕ, ಮಾತ್ರೆ ಡಬ್ಬಿ, ಮಳೆ ಪುಸ್ತಕ ಎಲ್ಲ ಕಾಫಿ ಬುಡದ ಟೀಪಾಯಿಯ ಮೇಲಿದ್ದವು. ಮೈಸೂರಿನಿಂದ ಯಾರೋ ಶನಿವಾರಕ್ಕೆ ರೂಮ್ ಕೇಳಿ ಫೋನ್ ಮಾಡಿದರು. ಚಿಕ್ಕಪ್ಪ ದಿಂಬಿಗೆ ಒರಗಿದಲ್ಲಿಂದಲೇ ತುಂಬ ವಿಷಾದದ ದನಿಯಲ್ಲಿ, "ಇಲ್ಲ ಸಾರ್, ಈ ವಾರ ಫುಲ್ ಉಂಟು" ಅಂದರು.