ಒಡೆಯನನ್ನು ಕೇಳಿ ಮುಟ್ಟು

ಮೂವತ್ತು ವರ್ಷ ಬೆಳಕು, ಶಬ್ದ, ಆಮ್ಲ, ಪ್ರತ್ಯಾಮ್ಲ ಎಂದು ಪಾಠ ಹೇಳಿದ ನನಗೆ ಈಗ ಶಾಲೆಯ ಕಂಪ್ಯೂಟರ್ ಕೊಠಡಿಯ ಜವಾಬ್ದಾರಿಯೂ ಅಂಟಿಕೊಂಡಿದೆ. ಅಲ್ಲಿನ ಯಂತ್ರಗಳನ್ನು ನಡೆಸುವುದು ಲಿನಕ್ಸ್. ಮಕ್ಕಳ ಪ್ರಾಜೆಕ್ಟ್ ಕಡತಗಳೆಲ್ಲ ಸರ್ವರ್ ಎಂಬ ಒಂದೇ ಯಂತ್ರದಲ್ಲಿರುತ್ತವೆ. ಉಳಿದ ಯಂತ್ರಗಳು ಎನ್‌ಎಫ್‌ಎಸ್ ಎಂಬ ವ್ಯವಸ್ಥೆಯ ಮೂಲಕ ಅವನ್ನು ತೆರೆಯುತ್ತವೆ. "ಸಾರ್, ನನ್ನ ಪ್ರಾಜೆಕ್ಟನ್ನು ಬೇರೆ ಯಾರಾದರೂ ತಿದ್ದಿಬಿಟ್ಟರೆ?" ಎಂದು ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಉತ್ತರಕ್ಕೆ ಒಂದು ಪೀರಿಯಡ್ ಸಾಲಲಿಲ್ಲ.

ಲಿನಕ್ಸ್‌ನಲ್ಲಿ ಪ್ರತಿ ಕಡತಕ್ಕೂ ಅನುಮತಿಯ ಗುರುತುಂಟು. ಓದಲು 4, ಬರೆಯಲು 2, ಪ್ರೋಗ್ರಾಮಾಗಿ ನಡೆಸಲು 1. ಕಡತಕ್ಕೆ 640 ಎಂಬ ಗುರುತಿದ್ದರೆ ಒಡೆಯ ಓದಬಹುದು, ಬರೆಯಬಹುದು, ಗುಂಪಿನವರು ಓದಬಹುದಷ್ಟೆ, ಉಳಿದವರಿಗೆ ಏನೂ ಇಲ್ಲ. 4ಕ್ಕೆ 2 ಕೂಡಿದರೆ 6, ಲೆಕ್ಕ ಸುಲಭ.

ತೊಡಕಿರುವುದು ಜಾಲದಲ್ಲಿ. ಕಡತ ಅಲ್ಲಿ, ಕೇಳುವವರು ಇಲ್ಲಿ. ನಡುವೆ ಡ್ರೈವರ್ ಎಂಬ ತಂತ್ರಾಂಶ. ಎನ್‌ಎಫ್‌ಎಸ್‌ನ 2ನೇ ಆವೃತ್ತಿಯಲ್ಲಿ ಡ್ರೈವರ್ ಈ ಅಂಕಿ ನೋಡಿ ತಾನೇ ಊಹಿಸಬೇಕಿತ್ತು. ಊಹೆ ತಪ್ಪುವುದಿತ್ತು. 'ರೂಟ್' ಎಂಬ ಬಳಕೆದಾರ ತನ್ನ ಯಂತ್ರಕ್ಕೆ ಸರ್ವಾಧಿಕಾರಿ. ಸರ್ವರ್ ಮಾತ್ರ ಸಾಮಾನ್ಯವಾಗಿ ಅವನನ್ನು ಯಾರೋ ಅಪರಿಚಿತನೆಂದೇ ಕಾಣುತ್ತದೆ. ನಮ್ಮ ಮನೆಯ ಯಜಮಾನ ಪಕ್ಕದ ಮನೆಯಲ್ಲಿ ಬರೀ ನೆಂಟನಲ್ಲವೇ? 1995ರ 3ನೇ ಆವೃತ್ತಿ 'ಆಕ್ಸೆಸ್' ಎಂಬ ಪ್ರಶ್ನೆಯನ್ನು ಸೇರಿಸಿತು. "ಇವರು ಇದನ್ನು ಓದಬಹುದೇ, ತಿದ್ದಬಹುದೇ?" ಎಂದು ಡ್ರೈವರ್ ಸರ್ವರನ್ನೇ ಕೇಳಬಹುದಾಯಿತು. ಪ್ರತಿ ಸಲವೂ ಕೇಳುತ್ತಿದ್ದರೆ ಕೆಲಸ ನಿಧಾನ. ಹಾಗಾಗಿ ಉತ್ತರವನ್ನು ಕೆಲಕಾಲ ನೆನಪಿಟ್ಟುಕೊಳ್ಳುತ್ತದೆ. ಆದರೂ ನಿಜವಾಗಿ ಬರೆಯುವ ಹೊತ್ತಿಗೆ ಕೊನೆಯ ಮಾತು ಸರ್ವರಿನದೇ.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಸಾಮಾನ್ಯ ಏರ್ಪಾಟಿನಲ್ಲಿ ಡ್ರೈವರ್ ಕಳಿಸುವ ಬಳಕೆದಾರ ಸಂಖ್ಯೆಯನ್ನು ಸರ್ವರ್ ಹಾಗೆಯೇ ನಂಬುತ್ತದೆ. ಚತುರನೊಬ್ಬ ತನ್ನ ಲ್ಯಾಪ್‌ಟಾಪನ್ನು ಜಾಲಕ್ಕೆ ಸೇರಿಸಿ, ಆ ಹುಡುಗಿಯ ಸಂಖ್ಯೆ ಹಾಕಿಕೊಂಡರೆ ಅವಳೇ ಆಗಿಬಿಡಬಲ್ಲ! ಹಾಲ್ ಟಿಕೆಟ್‌ನ ಭಾವಚಿತ್ರ ನೋಡದೆ, ನಂಬರಷ್ಟೇ ನೋಡಿ ಪರೀಕ್ಷೆಗೆ ಕೂರಿಸಿದಂತೆ. ಗುರುತಿಗೆ ಪುರಾವೆ ಕೇಳುವ ಕರ್ಬರೋಸ್ ಪದ್ಧತಿ ಇದಕ್ಕೆ ಮದ್ದು. ಅದನ್ನು ಅಳವಡಿಸುವ ತನಕ ಹೊರಗಿನ ಯಂತ್ರಗಳಿಗೆ ನಮ್ಮ ಜಾಲದಲ್ಲಿ ಪ್ರವೇಶವಿಲ್ಲವೆಂದು ತೀರ್ಮಾನಿಸಿದೆವು. ಪ್ರಾಜೆಕ್ಟಿನ ಪ್ರತಿಯೊಂದನ್ನು ಬೇರೆಡೆ ಇಡಲು ಹುಡುಗಿಗೂ ಹೇಳಿದೆ.

ಪಾಲಕರೇ, ಪಾಸ್‌ವರ್ಡ್ ಗುಟ್ಟಾಗಿಡಲು ಮಕ್ಕಳಿಗೆ ಹೇಳುತ್ತೀರಿ, ಒಳ್ಳೆಯದೇ. ಪರರ ವಸ್ತುವನ್ನು ಮುಟ್ಟುವ ಮುನ್ನ ಊಹಿಸದೆ ಒಡೆಯರನ್ನು ಕೇಳುವುದನ್ನೂ ಕಲಿಸಿ. ಡ್ರೈವರ್ ಕಲಿತದ್ದೂ ಇಷ್ಟೇ.