ಎರಡು ನಂಜು

ನಮ್ಮ ಕಡೆ ಹಾವಿನ ವಿಷವೂ ನಂಜು, ಗಾಯ ಕೀವಾದರೂ ನಂಜು, ಬಾಣಂತಿ ಏಳಲಾರದೆ ಮಲಗಿದರೂ ನಂಜೇ. ಈ ಮಾತಿನ ಬೆನ್ನು ಹತ್ತಿ ನಾನು ಹೊರಟಿದ್ದು ಸೊರಬದ ನನ್ನ ಸೋದರತ್ತೆಯ ದೆಸೆಯಿಂದ.

ಅತ್ತೆ ಏಪ್ರಿಲ್ ಬಿಸಿಲಿನಲ್ಲೂ ಜಗುಲಿಯ ಮೇಲೆ ಕಂಬಳಿ ಹೊದ್ದು ಕೂತಿರುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು, ಹುಬ್ಬಿನ ಹೊರತುದಿ ಉದುರಿಹೋಗಿತ್ತು, ಕಣ್ಣಿನ ಸುತ್ತ ಕಾಗದ ಮುದುರಿದಂಥ ಸಣ್ಣ ನೆರಿಗೆ. ಎರಡನೇ ಹೆರಿಗೆಯಲ್ಲಿ ಸೀರೆಗಟ್ಟಲೆ ರಕ್ತ ಹೋಗಿತ್ತಂತೆ. ಮಗುವಿಗೆ ಹಾಲು ಇಳಿಯಲೇ ಇಲ್ಲ. ಬೆಳ್ಳುಳ್ಳಿ, ಮೆಂತ್ಯ, ಸಬ್ಬಸಿಗೆ ಎಲ್ಲ ಆಯಿತು. ಚಂದ್ರಗುತ್ತಿಯ ರೇಣುಕಾಂಬೆಗೆ ಹರಕೆಯೂ ಆಯಿತು. ಮುಟ್ಟು ಮತ್ತೆ ಬರಲಿಲ್ಲ. “ಪಥ್ಯ ಮಾಡಲಿಲ್ಲ, ನಂಜಾಯ್ತು” ಅಂದಳು ಅಜ್ಜಿ. ಹದಿನೆಂಟು ವರ್ಷ ನಾವೆಲ್ಲ ಅದನ್ನೇ ಅಂದೆವು. ಅತ್ತೆ ಒಮ್ಮೆಯೂ ಎದುರಾಡಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೊನೆಗೆ ಒಬ್ಬ ಎಳೆಯ ವಯಸ್ಸಿನ ಡಾಕ್ಟರು ಯಾರೂ ಕೇಳದ ಪ್ರಶ್ನೆ ಕೇಳಿದರು: “ಹೆರಿಗೆಯಾದ ಮೇಲೆ ಹಾಲು ಬಂತಾ ಅಮ್ಮ?”

ಮೂಗಿನ ಬುಡದ ನೇರಕ್ಕೆ, ಮೆದುಳಿನ ಕೆಳಗೆ, ಮೂಳೆಯ ಪುಟ್ಟ ಗುಣಿಯಲ್ಲಿ ಕಡಲೆಕಾಳಿನಷ್ಟು ಒಂದು ಗ್ರಂಥಿಯಿದೆ, ಪಿಟ್ಯುಟರಿ. ಅರ್ಧ ಗ್ರಾಮಿನ ಆಸುಪಾಸು ತೂಕ. ಥೈರಾಯ್ಡಿಗೆ, ಮೂತ್ರಪಿಂಡದ ಮೇಲಿನ ಅಡ್ರಿನಲ್‌ಗೆ, ಅಂಡಾಶಯಕ್ಕೆ ಅಪ್ಪಣೆ ಹೋಗುವುದು ಅಲ್ಲಿಂದಲೇ. ಬಸುರಿನಲ್ಲಿ ಹಾಲಿನ ಹಾರ್ಮೋನಿಗಾಗಿ ಅದು ಊದಿಕೊಳ್ಳುತ್ತದೆ, ಆದರೆ ರಕ್ತದ ಪೂರೈಕೆ ಅಷ್ಟು ಹೆಚ್ಚುವುದಿಲ್ಲ. ಆ ಹೊತ್ತಿನಲ್ಲಿ ವಿಪರೀತ ರಕ್ತ ಹೋಗಿ ಬಿ.ಪಿ. ಕುಸಿದರೆ ಗ್ರಂಥಿ ಒಣಗಿ ಸಾಯುತ್ತದೆ. 1937ರಲ್ಲಿ ಇದನ್ನು ವಿವರಿಸಿದ ಹೆರಾಲ್ಡ್ ಶೀಹನ್ ಹೆಸರೇ ಕಾಯಿಲೆಗೆ ನಿಂತಿದೆ.

ಅತ್ತೆಗೆ ಹಿಂದೊಮ್ಮೆ ಥೈರಾಯ್ಡ್ ಪರೀಕ್ಷೆ ಆಗಿತ್ತು. ಟಿಎಸ್‌ಎಚ್ ಒಂದನ್ನೇ ನೋಡಿ ಸರಿಯಿದೆ ಎಂದು ಕಳಿಸಿದ್ದರು. ಟಿಎಸ್‌ಎಚ್ ಎಂದರೆ ಪಿಟ್ಯುಟರಿಯ ಅಪ್ಪಣೆ. ಥೈರಾಯ್ಡ್ ಕುಂದಿದರೆ ಅದು ಏರಬೇಕು, ಆದರೆ ಕೊಡುವ ಗ್ರಂಥಿಯೇ ಸೋತ ಮೇಲೆ ಏರುವುದೆಲ್ಲಿಂದ? ಇಂಥವರಿಗೆ ಥೈರಾಯ್ಡಿನದೇ ಹಾರ್ಮೋನಾದ ಟಿ4 ಕೂಡ ನೋಡಲೇಬೇಕು.

ಇನ್ನು ಹಾವಿನ ನಂಜು. ಶಿಕಾರಿಪುರದ ಕಡೆ ಮೆಕ್ಕೆಜೋಳದ ಹೊಲಕ್ಕೆ ಇಲಿ ಬರುತ್ತವೆ, ಇಲಿಯ ಹಿಂದೆ ಕೊಳಕುಮಂಡಲ ಬರುತ್ತದೆ, ಕುಕ್ಕರ್ ಸೀಟಿಯ ಹಾಗೆ ಬುಸುಗುಡುವ ಹಾವು. ಅದರ ವಿಷ ರಕ್ತದ ಹೆಪ್ಪುಗಟ್ಟುವ ಕ್ರಮವನ್ನೇ ಕೆಡಿಸುತ್ತದೆ. ಕಡಿಸಿಕೊಂಡು ಬದುಕಿದವರಲ್ಲಿ ಕೆಲವರಿಗೆ ಇದೇ ಪಿಟ್ಯುಟರಿ ಸತ್ತಿರುವುದನ್ನು ಬರ್ಮಾದ ವೈದ್ಯರು 1987ರಲ್ಲಿ ಬರೆದರು. ದಕ್ಷಿಣ ಭಾರತದಲ್ಲೂ ಅಂಥವರು ಸಿಕ್ಕಿದ್ದಾರೆ. ಗಂಡಸರಲ್ಲಿ ಇದರ ಸುಳಿವು ಮೊದಲು ಹತ್ತುವುದು ಕ್ಷೌರದವನಿಗೇ ಇರಬೇಕು, ಗಡ್ಡ ಬೆಳೆಯುವುದು ನಿಂತುಹೋಗುತ್ತದಲ್ಲ! ಮನೆಯವರು ಮಾತ್ರ ಹಾವಿನ ಹೆದರಿಕೆ ಇನ್ನೂ ಬಿಟ್ಟಿಲ್ಲ, ಮೈಗಳ್ಳನಾದ ಅನ್ನುತ್ತಾರೆ. ಬಾಣಂತಿಯ ನಂಜು, ಹಾವಿನ ನಂಜು, ಎರಡೂ ಹೋಗಿ ತಟ್ಟಿದ್ದು ಒಂದೇ ಕಾಳಿಗೆ. ಹಾವು ಕಡಿದು ವರ್ಷಗಳಾದ ಮೇಲೂ ಸುಸ್ತು ಬಿಡದಿದ್ದರೆ ಡಾಕ್ಟರಿಗೆ ಆ ಹಳೇ ಕಡಿತದ ಸುದ್ದಿ ಹೇಳಿ ಎಂದು ಕೈಮುಗಿದು ಕೇಳುತ್ತೇನೆ.

ಎಂಆರ್‌ಐ ಚಿತ್ರದಲ್ಲಿ ಅತ್ತೆಯ ಆ ಗುಣಿ ಹೆಚ್ಚೂಕಡಿಮೆ ಖಾಲಿಯಿತ್ತು. ಔಷಧಿ ಮಾತ್ರ ಎರಡೇ ಗುಳಿಗೆ. ಮೊದಲು ಸ್ಟೀರಾಯ್ಡ್, ಕೆಲವು ದಿನ ಬಿಟ್ಟು ಥೈರಾಯ್ಡಿನದು. ಈ ಕ್ರಮ ತಪ್ಪಿದರೆ ಜೀವಕ್ಕೇ ಕುತ್ತು. ಜ್ವರ ಬಂದಾಗ ಸ್ಟೀರಾಯ್ಡ್ ಇಮ್ಮಡಿ ಮಾಡಬೇಕು, ನಿಲ್ಲಿಸಕೂಡದು. ಇದನ್ನೆಲ್ಲ ಬರೆದ ಚೀಟಿಯನ್ನು ಅತ್ತೆ ದೇವರ ಪಟದ ಹಿಂದೆ ಸಿಕ್ಕಿಸಿದ್ದಾಳೆ.

ಮುಂದಿನ ಬೇಸಿಗೆಗೆ ಹೋದಾಗ ಜಗುಲಿಯಲ್ಲಿ ಕಂಬಳಿ ಕಾಣಲಿಲ್ಲ. ಅತ್ತೆ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ ಒಳಗಿನಿಂದ ಬಂದಳು. “ಎಂಥಾ ಸೆಖೆನೋ ಮಾರಾಯ, ಆ ಫ್ಯಾನು ಹಾಕು” ಅಂದಳು.