ಶೇಕಡ ಒಂಬತ್ತರ ಮಹಿಮೆ

ಮುಂಗಾರಿನ ಮೊದಲ ಹದಮಳೆ ಬಿದ್ದು, ನಮ್ಮೂರು ಮಳಗಿಯ ಕೆಮ್ಮಣ್ಣು ಧೂಳಾಗಿಯೂ ಉಳಿಯದೆ ಕೆಸರಾಗಿಯೂ ಕರಗದೆ, ಚಕ್ರಕ್ಕೆ ಅರ್ಧ ಹಿಡಿತವನ್ನಿತ್ತು ಇನ್ನರ್ಧವನ್ನು ತನ್ನಲ್ಲೇ ಇರಿಸಿಕೊಳ್ಳುವ ಆ ಕೆಲವು ದಿನಗಳು, ವಾಹನಚಾಲನೆಯನ್ನು ಕಲೆಯೆಂದು ಪ್ರೀತಿಸುವವನಿಗೆ ವರ್ಷದ ಪರ್ವಕಾಲ. ಈ ವರ್ಷವೂ ಆ ಹದ ಬಂದಿದೆ. ನಮ್ಮ ಹೊಲದೊಳಗಿನ ಸ್ವಂತದ ದಾರಿಯ ತಿರುವುಗಳಲ್ಲಿ ನನ್ನ ಪುಟ್ಟ ಹ್ಯಾಚ್‌ಬ್ಯಾಕನ್ನು ಓಡಿಸಿ ಬಂದ ಉಲ್ಲಾಸದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಆ ಉಲ್ಲಾಸದ ಮೂಲವೆಲ್ಲ ಎಡಗಾಲಿನಲ್ಲಿದೆ. ತಿರುವು ಸಮೀಪಿಸಿದಾಗ ಬಲಗಾಲನ್ನು ಆಕ್ಸಿಲರೇಟರಿನಿಂದ ತೆಗೆಯದೆ, ಕ್ಲಚ್ಚನ್ನು ಬಿಟ್ಟ ಎಡಗಾಲಿನಿಂದ ಬ್ರೇಕನ್ನು ಮೃದುವಾಗಿ ಒತ್ತಿದರೆ, ಭಾರವು ಮುಂದಿನ ಚಕ್ರಗಳ ಮೇಲೆ ಇಳಿದು, ಹಿಂಭಾಗ ಹಗುರಾಗಿ, ಹೊರಕ್ಕೆ ಸೆಳೆಯುತ್ತಿದ್ದ ಕಾರಿನ ಮೂತಿ ಒಳಕ್ಕೆ ಹೊರಳುವುದು. ಕ್ಲಚ್ಚನ್ನು ಬಲವಾಗಿ ತುಳಿದೇ ಅಭ್ಯಾಸವಾದ ಕಾಲಿಗೆ ಈ ಮೃದುತ್ವ ಸುಲಭವಾಗಿ ಒಲಿಯದು. ಒಲಿದ ಮೇಲೆ ಮಾತ್ರ ಅದು ಸ್ಟಿಯರಿಂಗಿಗಿಂತ ನಂಬಿಕೆಯ ಸಾಧನ. ಟರ್ಬೊ ಇರುವ ಎಂಜಿನ್ನಿಗಂತೂ ಇದು ದ್ವಿಗುಣ ಲಾಭ: ಬ್ರೇಕಿನ ನಡುವೆಯೂ ಟರ್ಬೈನು ಸುತ್ತುತ್ತಲೇ ಇದ್ದು, ತಿರುವಿನಿಂದ ಹೊರಡುವಾಗ ಬಲಕ್ಕಾಗಿ ಕಾಯಬೇಕಾಗಿಲ್ಲ. ಹ್ಯಾಂಡ್‌ಬ್ರೇಕನ್ನು ಜಗ್ಗಿ ಕಾರನ್ನು ಗಿರಕಿ ಹೊಡೆಸುವುದನ್ನೇ ಕೌಶಲವೆಂದು ಮೆರೆಯುವ ತರುಣರೊಡನೆ ನನಗೆ ರಾಜಿಯಿಲ್ಲ. ಅದು ವೇಗವನ್ನು ಕೊಂದು ಪಡೆದ ತಿರುವು. ಇದು ವೇಗವನ್ನು ಉಳಿಸಿಕೊಂಡು ಪಡೆದ ತಿರುವು.

ಆದರೆ ನನ್ನ ನಿಜವಾದ ಜಗಳ ಜೀಪಿನವರೊಡನೆ. ನಾಲ್ಕು ಚಕ್ರಗಳಿಗೂ ಬಲ ಹರಿಯುವುದೆಂದರೆ ಕೆಸರಿನಿಂದ ಮೇಲೇಳುವ ಉಪಾಯವಷ್ಟೇ ಎಂದು ಮುಂಡಗೋಡದಿಂದ ಶಿರಸಿಯವರೆಗೆ ಎಲ್ಲರೂ ನಂಬಿರುವರು. ಇಟಲಿಯ ಲ್ಯಾನ್ಸಿಯಾ ಡೆಲ್ಟಾ ಈ ನಂಬಿಕೆಗೆ ಉತ್ತರ. 1979ರಲ್ಲಿ ಸಾಧು ಕುಟುಂಬದ ಕಾರಾಗಿ ಹುಟ್ಟಿದ ಅದಕ್ಕೆ ವಿಧಿಯೇ ದಾರಿ ತೆರೆಯಿತು. 1986ರ ವಿಶ್ವ ರ‍್ಯಾಲಿಗಳಲ್ಲಿ, ಪೋರ್ಚುಗಲ್ಲಿನಲ್ಲಿ ಪ್ರೇಕ್ಷಕರೂ, ಕಾರ್ಸಿಕಾದಲ್ಲಿ ಚಾಲಕ ಹೆನ್ರಿ ಟೊಯ್ವೊನೆನ್ ಮತ್ತು ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಅವರೂ ಮಡಿದ ಮೇಲೆ, ಗ್ರೂಪ್ ಬಿ ಎಂಬ ಉಗ್ರ ಯಂತ್ರಗಳ ವರ್ಗ ರದ್ದಾಯಿತು. 5,000 ಕಾರುಗಳನ್ನು ತಯಾರಿಸಿದ ಮಾದರಿಗಷ್ಟೇ ಅದರ ಜಾಗಕ್ಕೆ ಬಂದ ಗ್ರೂಪ್ ಎ ವರ್ಗದಲ್ಲಿ ಪ್ರವೇಶ ಸಿಕ್ಕಿತು. ನಾಲ್ಕೂ ಚಕ್ರಗಳಿಗೆ ಬಲ ಹರಿಯುವ, 165 ಅಶ್ವಶಕ್ತಿಯ ಡೆಲ್ಟಾ ಎಚ್‌ಎಫ್ 4ಡಬ್ಲ್ಯುಡಿ ಸಿದ್ಧವಾಗಿತ್ತು. ಮುಂದೆ ಇಂಟೆಗ್ರಾಲೆ ಎಂಬ ಹೆಸರಿನಲ್ಲಿ 185, ಆಮೇಲೆ 1989ರಲ್ಲಿ ಹದಿನಾರು ವಾಲ್ವುಗಳೊಡನೆ 200. 1987ರಿಂದ 1992ರವರೆಗೆ ಸತತ ಆರು ವರ್ಷ ತಯಾರಕರ ವಿಶ್ವ ಪ್ರಶಸ್ತಿ ಲ್ಯಾನ್ಸಿಯಾದ್ದೇ.

ಹೆಚ್ಚಿದ ಹದಿನೈದು ಅಶ್ವಶಕ್ತಿಯನ್ನು ಎಲ್ಲರೂ ಕೊಂಡಾಡುವರು. ಅದೇ ಮಾದರಿಯಲ್ಲಿ ಬಲದ ಹಂಚಿಕೆಯೂ ಬದಲಾದುದನ್ನು ಯಾರೂ ಹೇಳುವುದಿಲ್ಲ. ಮೊದಲು ಮುಂದಿನ ಚಕ್ರಗಳಿಗೆ ಶೇಕಡ 56, ಹಿಂದಿನವಕ್ಕೆ 44. ಆಮೇಲೆ ಮುಂದಕ್ಕೆ 47, ಹಿಂದಕ್ಕೆ 53. ಹಿಂದಕ್ಕೆ ಸರಿದ ಆ ಒಂಬತ್ತರಿಂದಲೇ, ತಿರುಗಲೂ ಎಳೆಯಲೂ ಎರಡಕ್ಕೂ ಹೆಣಗುತ್ತಿದ್ದ ಮುಂದಿನ ಚಕ್ರಗಳಿಗೆ ಬಿಡುವು ದೊರೆತು, ನಾನು ಎಡಗಾಲಿನಿಂದ ಕಷ್ಟಪಟ್ಟು ಸಾಧಿಸುವುದನ್ನು ಆ ಕಾರು ಸ್ವಭಾವವಾಗಿಯೇ ಪಡೆಯಿತು. ಎತ್ತಿನ ಜೋಡಿಯಲ್ಲಿ ಕೊರಳ ಮೇಲಿನ ನೊಗವನ್ನು ಬೆರಳಗಲ ಸರಿಸಿ ಉಳುಮೆಯನ್ನೇ ಸರಿಪಡಿಸುವ ರೈತನಿಗೆ ಈ ಮಾತು ಕೂಡಲೇ ಅರ್ಥವಾದೀತು.

ನಮ್ಮ ನಾಡಿಗೂ ಇಂತಹ ಕಾರು ಬಂದಿತ್ತು. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತು ಚಿಕ್ಕಮಗಳೂರಿನ ಕಾಫಿತೋಟಗಳ ದಾರಿಯಲ್ಲಿ ನಡೆದಾಗ, ಗೌರವ್ ಗಿಲ್ ಓಡಿಸಿದ್ದು ಸ್ಕೋಡಾ ಫೇಬಿಯಾ ಆರ್5. 2013ರಲ್ಲಿ ಏಷ್ಯಾ ಪೆಸಿಫಿಕ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯನಾದ ಅವರು 2016 ಮತ್ತು 2017ರಲ್ಲಿ ಮತ್ತೆ ಗೆದ್ದರು. ಆರ್5 ಕಾರಿನಲ್ಲಿ ಮುಂದಿನ ಹಿಂದಿನ ಅಚ್ಚುಗಳ ನಡುವೆ ಡಿಫರೆನ್ಷಿಯಲ್ಲೇ ಇಲ್ಲ. ತಿರುವಿನಲ್ಲಿ ಎರಡೂ ಅಚ್ಚುಗಳು ಕ್ರಮಿಸುವ ದೂರದ ಅಂತರವನ್ನು ಸಡಿಲ ಮಣ್ಣಿನ ಜಾರುವಿಕೆಯೇ ತುಂಬಿಕೊಡುವುದು. ಆದರೆ ಅಂಗಡಿಯಲ್ಲಿ ಮಾರಿದ ಫೇಬಿಯಾ ಮುಂಚಕ್ರಗಳಿಂದಲೇ ಓಡುವಂಥದು. ಗೆಲ್ಲಬೇಕಾದರೆ ಗೆಲ್ಲುವ ಕಾರನ್ನೇ ಜನರಿಗೂ ಮಾರು ಎಂದು ಆಜ್ಞಾಪಿಸುತ್ತಿದ್ದ ಹಳೆಯ ನಿಯಮ ಅಳಿದುದರ ಫಲವಿದು, ಮತ್ತು ಇದನ್ನು ನೆನೆದಾಗ ನನಗೆ ಸಿಟ್ಟು ಬರುತ್ತದೆ.

ಟೊಯೊಟಾ 2020ರಲ್ಲಿ ಹಳೆಯ ಮರ್ಯಾದೆಗೆ ಮರಳಿತು. 1,618 ಸಿಸಿಯ ಮೂರು ಸಿಲಿಂಡರ್, ಮೂರು ಬಾಗಿಲು, 60:40, 50:50, 30:70 ಎಂದು ಚಾಲಕನೇ ಆರಿಸಬಲ್ಲ ಹಂಚಿಕೆ: ಇದು ಆ ವರ್ಷದ ಜಿಆರ್ ಯಾರಿಸ್. ಅದರ ಮೇಲೆ ಕಟ್ಟಬೇಕಿದ್ದ 2021ರ ರ‍್ಯಾಲಿ ಕಾರನ್ನು ಮಹಾಮಾರಿಯ ಕಾರಣದಿಂದ ಕೈಬಿಟ್ಟರೂ ಬೀದಿಯ ಕಾರು ಉಳಿಯಿತು. ಟೊಯೊಟಾ ಕಾರ್ಖಾನೆ ನಮ್ಮ ಬಿಡದಿಯಲ್ಲೇ ಇದೆ. ಆ ಕಾರು ಮಾತ್ರ ಇಲ್ಲಿ ಹುಟ್ಟುವುದಿಲ್ಲ. ಜಪಾನಿನಲ್ಲಿ ಹಿಮದೂರುಗಳಿಗಾಗಿ ನಾಲ್ಕೂ ಚಕ್ರಗಳಿಗೆ ಬಲ ಹರಿಯುವ ಸ್ವಿಫ್ಟನ್ನು ಮಾರುವರು. ನಮ್ಮ ಮಲೆನಾಡಿನ ಮಳೆಗೆ ಅದೂ ಇಲ್ಲ. ಕಾರಣ ನಾವೇ. ಕಾರೊಂದು ಕಂಡೊಡನೆ “ಮೈಲೇಜ್ ಎಷ್ಟ್ ಕೊಡ್ತೈತ್ರಿ?” ಎಂಬ ಒಂದೇ ಪ್ರಶ್ನೆ ಕೇಳುವ ಊರಿಗೆ ತಯಾರಕನು ಒಂದೇ ಉತ್ತರ ಕಳುಹಿಸುವನು.

ಆದ್ದರಿಂದ, ಓದುಗರೇ, ಚಿಕ್ಕಮಗಳೂರಿನ ತೋಟಗಳಲ್ಲಿ ಮುಂದೆ ರ‍್ಯಾಲಿ ನಡೆದರೆ, ಸುರಕ್ಷಿತ ಸ್ಥಳದಲ್ಲಿ ನಿಂತು ನೋಡಿ. ಸದ್ದಿಗೂ ವೇಗಕ್ಕೂ ಮರುಳಾಗದೆ, ತಿರುವಿನಲ್ಲಿ ಯಾವ ಚಕ್ರಗಳು ಎಷ್ಟು ಮಣ್ಣು ಎರಚುವವೆಂಬುದನ್ನು ಗಮನಿಸಿ. ಆಮೇಲೆ ಷೋರೂಮಿಗೆ ಹೋದಾಗ ಮೈಲೇಜಿನ ಜೊತೆಗೆ ಬಲದ ಹಂಚಿಕೆಯನ್ನೂ ಕೇಳಿ.